ಅಮ್ಮನ ಸರ ಮತ್ತು ನಮ್ಮ ಹಳೇ ಪೂಜೋ

ನಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬೂದು ಬಣ್ಣದ ಒಂದು ಪುಟ್ಟ ಕಾರು ಕಂಡು ಊರಿನಿಂದ ಹಲವರು ಕೇಳಿದ್ದಾರೆ. "ಲಂಡನ್ನಿಗೆ ಹೋಗಿ ಈ ಹಳೇ ಡಬ್ಬ ತಗೊಂಡ್ರಾ?" ನಾವಿರುವುದು ಲಂಡನ್ನಿನಲ್ಲಲ್ಲ, ಕೊವೆಂಟ್ರಿಯಲ್ಲಿ. ಆದರೆ ನಮ್ಮೂರಿನ ಲೆಕ್ಕದಲ್ಲಿ ಇಂಗ್ಲೆಂಡ್ ಪೂರ್ತಿ ಲಂಡನ್ನೇ. ಇರಲಿ. ಆ ಡಬ್ಬದ ಕಥೆಯನ್ನು ಒಮ್ಮೆ ಸರಿಯಾಗಿ ಹೇಳಿಬಿಡೋಣ ಅಂತ ಕೂತಿದ್ದೇವೆ. ಅದರಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಕಥೆ ನಿಲ್ಲುವುದಿಲ್ಲ.

ಇಲ್ಲಿ 'ನಾವು' ಎಂದರೆ ಗಂಡ ಹೆಂಡತಿ. ಇಬ್ಬರೂ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಒಂದೇ ಬೆಂಚಿನಲ್ಲಿ ಪುಟವಿನ್ಯಾಸ ಕಲಿತು, ಒಂದೇ ಕ್ಯಾಮೆರಾ ಹಿಡಿದು ಸಂತೆ, ಜಾತ್ರೆ, ಗ್ರಾಮಸಭೆ ಸುತ್ತಿ, ಆಮೇಲೆ ಮದುವೆಯಾದವರು. 2020ರಲ್ಲಿ ನಮ್ಮಲ್ಲಿ ಹೆಂಗಸಿಗೆ ಇಲ್ಲಿ ಎಂ.ಎ. ಸೀಟು ಸಿಕ್ಕಿತು. ಈಗ ಆಕೆಗೆ ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸ. ಗಂಡಸಿಗೆ ಗೋದಾಮಿನಲ್ಲಿ ರಾತ್ರಿ ಪಾಳಿ. ಬರೆಯುವುದು ವಾರಕ್ಕೊಂದು ದಿನ, ಹೀಗೆ ಇಬ್ಬರಿಗೂ ರಜೆ ಬಿದ್ದಾಗ.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಲ್ಲ. ಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ.

ಅಪ್ಪಯ್ಯ ಆ ಎಸ್ಟೇಟಿನ ಗೌಡರ ಡ್ರೈವರ್ ಆಗಿದ್ದರು. ಜೀಪು ಓಡಿಸುವುದು ಅವರ ಕೆಲಸ. ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ಬೆಲೆ ಬಂತಲ್ಲ, ಆಗ ಮಲೆನಾಡಿನ ಎಷ್ಟೋ ಮನೆಗೆ ಕಾರು ಬಂದವು. ಗೌಡರು ತಂದದ್ದು ಪೂಜೋ 309. ಪೂಜೋ ಫ್ರಾನ್ಸಿನ ಕಂಪನಿ. ನಮ್ಮ ಪ್ರೀಮಿಯರ್ ಕಂಪನಿಯವರು, ಅಂದರೆ ಪದ್ಮಿನಿ ಕಾರು ಮಾಡುತ್ತಿದ್ದವರು, ಅವರ ಜೊತೆ ಸೇರಿ ಮುಂಬೈ ಹತ್ತಿರದ ಕಲ್ಯಾಣದಲ್ಲಿ 309 ಕಾರನ್ನು ತಯಾರಿಸಿದರು. ಶುರುವಾದದ್ದು 1994ರ ಸುಮಾರಿಗೆ. 1997ರಲ್ಲಿ ಪೂಜೋದವರು ಭಾರತ ಬಿಟ್ಟು ಹೊರಟೇ ಹೋದರು.

ಊರಲ್ಲಿ ಅದಕ್ಕೆ 'ಪೂಜೆ ಕಾರು' ಅಂತಲೇ ಹೆಸರು. ಅಪ್ಪಯ್ಯ ಮಾತ್ರ 'ಪಿಜಾಟು' ಅನ್ನುತ್ತಿದ್ದರು. ಜೀಪು ಓಡಿಸಿ ಓಡಿಸಿ ಮರಗಟ್ಟಿದ ಕೈಗೆ ಅದು ಬೆಣ್ಣೆಯ ಹಾಗೆ ಸಿಕ್ಕಿತ್ತಂತೆ. "ಆಗುಂಬೆ ಘಾಟಿಯಲ್ಲಿ ಅದಕ್ಕೆ ನಾವು ದಾರಿ ತೋರ್ಸೋದೇ ಬೇಡ ಮಾರಾಯ, ಅದೇ ತಿರುಗ್ತದೆ" ಎಂದು ಅವರು ಹೇಳುವುದನ್ನು ಕೇಳುತ್ತಲೇ ಬೆಳೆದ ಮಗ ನಮ್ಮಲ್ಲಿ ಗಂಡಸು. ಆಮೇಲೆ ಗೌಡರು ಬೇರೆ ಗಾಡಿ ತಂದರು. 309 ಅಡಿಕೆ ಸಿಪ್ಪೆ ಹಾಕುವ ಕೊಟ್ಟಿಗೆಗೆ ಸೇರಿತು. ಇಲಿ ವೈರು ತಿಂದವು, ಮಳೆ ತಗಡು ತಿಂದಿತು.

ಈಗ ಕೊವೆಂಟ್ರಿಗೆ ಬನ್ನಿ. ಇಲ್ಲಿಂದ ನಾಲ್ಕೈದು ಮೈಲಿ ದೂರದಲ್ಲಿ ರೈಟನ್ ಎಂಬ ಜಾಗ. ಅಲ್ಲಿ 2006ರ ಕೊನೆಯವರೆಗೆ ದೊಡ್ಡ ಕಾರು ಕಾರ್ಖಾನೆ ಇತ್ತು. ಅದು ಮುಚ್ಚಿ, ನೆಲಸಮವಾಗಿ, ಈಗ ಅಲ್ಲಿ ಸಾಲು ಸಾಲು ಗೋದಾಮು. ಅಂಥ ಒಂದು ಗೋದಾಮಿನಲ್ಲೇ ನಮ್ಮ ರಾತ್ರಿ ಪಾಳಿ. ಒಂದು ರಾತ್ರಿ ಊಟದ ಬಿಡುವಿನಲ್ಲಿ, ಹಿಂದೆ ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. "ಇಲ್ಲಿ ಏನು ಕಾರು ಮಾಡ್ತಿದ್ರಿ?" ಎಂದರೆ "1985ರಿಂದ 309" ಅಂದರು. ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು. ಗೌಡರ ಕಾರು ಕಲ್ಯಾಣದ್ದೇ ಇರಬಹುದು. ಆದರೆ ಆ ಮಾದರಿ ಹುಟ್ಟಿ ಬೆಳೆದ ನೆಲದ ಮೇಲೆ ನಾವು ದಿನಾ ರಟ್ಟಿನ ಡಬ್ಬ ಎತ್ತುತ್ತಿದ್ದೆವು.

ಅಂದಿನಿಂದ ಹುಚ್ಚು ಹಿಡಿಯಿತು. ಹಳೇ 309 ಹುಡುಕಿದೆವು. ಇಲ್ಲೂ ಅವು ತೀರಾ ಕಡಿಮೆ ಉಳಿದಿವೆ. ಹುಡುಕುವಾಗೆಲ್ಲ ಜೊತೆಗೆ ಕಣ್ಣಿಗೆ ಬೀಳುತ್ತಿದ್ದದ್ದು ಅದರ ಒಡಹುಟ್ಟು, 205 ಜಿಟಿಐ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಿಂದುಗಡೆ ಡಿಕ್ಕಿ ಮತ್ತು ಗಾಜು ಒಟ್ಟಿಗೆ ಮೇಲಕ್ಕೆ ಎದ್ದು ಬಾಗಿಲಿನ ಹಾಗೆ ತೆರೆಯುವ ಕಾರಿಗೆ ಹ್ಯಾಚ್‌ಬ್ಯಾಕ್ ಅನ್ನುತ್ತಾರೆ. ನಮ್ಮ ಮಾರುತಿ 800 ಅದೇ ಜಾತಿ. ಅಂಥ ಸಾಮಾನ್ಯ ಮನೆ ಕಾರಿಗೆ ಜೋರಾದ ಎಂಜಿನ್ ಇಟ್ಟು, ಚಕ್ರ, ಬ್ರೇಕು, ಸಸ್ಪೆನ್ಷನ್ ಬಿಗಿ ಮಾಡಿದರೆ ಅದು ಹಾಟ್ ಹ್ಯಾಚ್. ವಾರದ ದಿನ ಸಂತೆಗೆ, ಭಾನುವಾರ ಓಟಕ್ಕೆ. 1976ರಲ್ಲಿ ಫ್ರಾನ್ಸಿನ ರೆನೋ 5 ಆಲ್ಪೀನ್, ಜರ್ಮನಿಯ ಗಾಲ್ಫ್ ಜಿಟಿಐ ಎರಡೂ ಬಂದು ಈ ಜಾತಿ ಬೇರೂರಿತು.

ಪೂಜೋ 205 ಬಂದದ್ದು 1983ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಮಾರುತಿ 800 ಕೂಡ ಬಂತು. ಹೋಲಿಸಲು ಸುಲಭ. ಆರಂಭದ ಮಾರುತಿಗೆ 796 ಸಿಸಿ ಎಂಜಿನ್, ಶಕ್ತಿ 40 ಕುದುರೆಗಿಂತ ಕಡಿಮೆ. 1984ರಲ್ಲಿ ಬಂದ 205 ಜಿಟಿಐಗೆ 1580 ಸಿಸಿ, 105 ಕುದುರೆ. ಎರಡು ವರ್ಷದಲ್ಲಿ ಅದನ್ನು 115ಕ್ಕೆ ಏರಿಸಿದರು. ಆಮೇಲೆ 1905 ಸಿಸಿಯ ಇನ್ನೊಂದು ಬಂತು, ಅದಕ್ಕೆ 130. ಇಷ್ಟು ಶಕ್ತಿ ಎಳೆಯಬೇಕಾದ ಭಾರ ಒಂದು ಟನ್ನಿಗೂ ಕಡಿಮೆ. ಈಗಿನ ಕಾರಿನಲ್ಲಿರುವ ಏರ್‌ಬ್ಯಾಗು, ಎಬಿಎಸ್ಸು, ದಪ್ಪ ಬಾಗಿಲು ಯಾವುದೂ ಇಲ್ಲದ್ದರಿಂದ ಅಷ್ಟು ಹಗುರ. ಅದು ಗುಣವೂ ಹೌದು, ಅಪಾಯವೂ ಹೌದು.

ಎಲ್ಲ ಬಗೆಯ 205 ಸೇರಿಸಿದರೆ 1998ರವರೆಗೆ 52 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ರ‍್ಯಾಲಿಗೆಂದೇ ಮಾಡಿದ 205 ಟರ್ಬೋ 16 ಎಂಬುದು 1985 ಮತ್ತು 1986ರಲ್ಲಿ ವಿಶ್ವ ರ‍್ಯಾಲಿ ಗೆದ್ದಿತು. 1987ರಲ್ಲಿ ಮರಳುಗಾಡಿನ ಪ್ಯಾರಿಸ್-ಡಕಾರ್ ಕೂಡ ಗೆದ್ದಿತು. ಆ ಕಾರಿಗೂ ನಮ್ಮ ಕಾರಿಗೂ ಹೆಸರು, ಮುಖ ಬಿಟ್ಟರೆ ಹೆಚ್ಚು ನಂಟಿಲ್ಲ. ಆದರೂ ಆಗಿನ ಹುಡುಗರು ಆ ಮುಖ ನೋಡಿಯೇ ಜಿಟಿಐ ಕೊಂಡರು.

ಮಲೆನಾಡಿನವರಿಗೆ ಇಷ್ಟವಾಗುವ ಇನ್ನೊಂದು ಮಾತು. ಪೂಜೋ ಮನೆತನ ಕಾರಿಗೆ ಬರುವ ಎಷ್ಟೋ ಮುಂಚೆ ಗರಗಸ ಮಾಡುತ್ತಿತ್ತು, ಕಾಫಿ ಬೀಜ ಪುಡಿ ಮಾಡುವ ಕೈಯಂತ್ರ ಮಾಡುತ್ತಿತ್ತು. ಕಾರಿನ ಮೂತಿಯ ಮೇಲಿರುವ ಸಿಂಹ ಮೊದಲು ಇದ್ದದ್ದು ಗರಗಸದ ಮೇಲೆ. ಮೆಣಸು ಪುಡಿ ಮಾಡುವ ಪೂಜೋ ಯಂತ್ರ ಈಗಲೂ ಇಲ್ಲಿನ ಅಂಗಡಿಯಲ್ಲಿ ಸಿಗುತ್ತದೆ. ಕಾಫಿ, ಮೆಣಸು ಬೆಳೆಯುವ ಊರಿನವರಿಗೆ ಈ ಕಂಪನಿ ಪೂರ್ತಿ ಪರಕೀಯವೇನಲ್ಲ!

ಇನ್ನು ದುಡ್ಡಿನ ವಿಷಯ. ಬರೆಯಲು ಕಷ್ಟ ಇರುವುದು ಇಲ್ಲಿಂದ.

2020ರಲ್ಲಿ ಇಲ್ಲಿನ ಫೀಸಿಗೆ ದುಡ್ಡು ಸಾಲದೆ ಅಮ್ಮನ ಅವಲಕ್ಕಿ ಸರ, ನಾಲ್ಕು ಬಳೆ ಸೊಸೈಟಿಯಲ್ಲಿ ಅಡವಿಟ್ಟಿದ್ದೆವು. ಎರಡೂವರೆ ಲಕ್ಷ ಸಿಕ್ಕಿತ್ತು. ಅಮ್ಮ ಒಂದು ಮಾತೂ ಆಡದೆ ಬಿಚ್ಚಿ ಕೊಟ್ಟಿದ್ದರು. "ಕೆಲಸ ಸಿಕ್ಕಿದ ಕೂಡ್ಲೇ ಬಿಡಿಸ್ತೀವಿ" ಅಂದಿದ್ದೆವು. ಕೆಲಸ ಸಿಕ್ಕಿತು. ಬಾಡಿಗೆ, ವೀಸಾ, ಬಸ್ ಪಾಸು ಅಂತ ಒಂದು ವರ್ಷ ಹೋಯಿತು. ಅಪ್ಪಯ್ಯ ಬಡ್ಡಿ ಕಟ್ಟಿ ಕಟ್ಟಿ ಮುಂದೂಡುತ್ತಿದ್ದರು. 2022ರ ಹೊತ್ತಿಗೆ ನಮ್ಮ ಹತ್ತಿರ 7,000 ಪೌಂಡ್ ಸೇರಿತ್ತು. "ಈ ದೀಪಾವಳಿಗೆ ಸರ ನಿಮ್ಮ ಕೊರಳಲ್ಲಿ ಇರ್ತದೆ" ಎಂದು ಫೋನಿನಲ್ಲಿ ಹೇಳಿದವರು ನಾವೇ.

ಅಕ್ಟೋಬರಿನ ಎರಡನೇ ವಾರ ಜಾಹೀರಾತು ಕಂಡಿತು. ಪೂಜೋ 205 ಜಿಟಿಐ 1.6, 1988ರದ್ದು, ಬೂದು ಬಣ್ಣ, 5,200 ಪೌಂಡ್. ಒಳ್ಳೆಯ ಸ್ಥಿತಿಯವಕ್ಕೆ ಇದರ ಎರಡು ಮೂರು ಪಟ್ಟು ಬೆಲೆ. ಒಂದು ಪೌಂಡಿಗೆ ನೂರರ ಹತ್ತಿರ ಅಂತಿಟ್ಟುಕೊಂಡರೂ ಐದು ಲಕ್ಷ ರೂಪಾಯಿ. ಮೂವತ್ತನಾಲ್ಕು ವರ್ಷದ ಹಳೇ ಕಾರಿಗೆ!

ಇಬ್ಬರೂ ಎರಡು ರಾತ್ರಿ ಮಾತಾಡಿದೆವು. ಇದರಲ್ಲಿ ಗಂಡಸಿನದೇ ತಪ್ಪು, ಹೆಂಗಸು ಬೇಡವೆಂದಳು ಅಂತ ನೀವು ಅಂದುಕೊಂಡರೆ ಅದು ಸುಳ್ಳು. ಎರಡು ವರ್ಷ ಬರೀ ಡಬ್ಬ ಎತ್ತಿ, ಮುದುಕರ ಹಾಸಿಗೆ ಬದಲಿಸಿ ಇಬ್ಬರಿಗೂ ಸಾಕಾಗಿತ್ತು. ನಮ್ಮದು ಅನ್ನುವ ಒಂದು ಸಂತೋಷ ಬೇಕಿತ್ತು. "ಸರ ಎಲ್ಲಿ ಹೋಗ್ತದೆ, ಸೊಸೈಟಿಯಲ್ಲಿ ಭದ್ರವಾಗಿ ಇದೆಯಲ್ಲ" ಎಂಬ ಮಾತು ನಮ್ಮಲ್ಲಿ ಯಾರ ಬಾಯಿಂದ ಮೊದಲು ಬಂತು ಎಂದು ಈಗ ನೆನಪಿಲ್ಲ. ಇಬ್ಬರೂ ತಲೆಯಾಡಿಸಿದ್ದು ನೆನಪಿದೆ.

ಕಾರು ಇದ್ದದ್ದು ವೇಲ್ಸ್ ಗಡಿಯ ಹತ್ತಿರ ಒಂದು ಹಳ್ಳಿಯಲ್ಲಿ. ರೈಲು, ಬಸ್ಸು, ಕಡೆಗೆ ಎರಡು ಮೈಲಿ ನಡಿಗೆ. ಹಳೇ ಕಾರು ಕೊಳ್ಳಲು ಹೋಗುವವರು ಏನೇನು ನೋಡಬೇಕು ಅಂತ ಓದಿಕೊಂಡೇ ಹೋಗಿದ್ದೆವು. ಜೇಬಲ್ಲಿ ಒಂದು ಅಯಸ್ಕಾಂತ. ತಗಡಿಗೆ ಅದು ಅಂಟದಿದ್ದರೆ ಒಳಗೆ ತುಕ್ಕು ಮುಚ್ಚಿ ಮೇಲೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರಿನ ಹೊಟ್ಟೆಯನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಾಲಡಿಯ ಕಾರ್ಪೆಟ್ ಒತ್ತಿ ನೋಡಬೇಕು, ಒದ್ದೆ ಇದ್ದರೆ ಎಲ್ಲೋ ಸೋರುತ್ತಿದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು, ಬಿಲ್ ಎಲ್ಲಿ ಎಂದು ಕೇಳಬೇಕು.

ಇದಿಷ್ಟೂ ನೋಡಿದೆವು. ಇಷ್ಟಕ್ಕೆಲ್ಲ ಕಾರು ಪಾಸಾಯಿತು.

ಇಲ್ಲಿ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಎಂಬ ಪರೀಕ್ಷೆ. ನಮ್ಮಲ್ಲಿ ಎಫ್‌ಸಿ ಮಾಡಿಸಿದ ಹಾಗೆ. ಯಾವ ಕಾರು ಯಾವ ವರ್ಷ ಏನಕ್ಕೆ ಫೇಲಾಯಿತು, ಎಷ್ಟು ಮೈಲಿ ಓಡಿತ್ತು ಎಂಬುದನ್ನು ನಂಬರ್ ಹಾಕಿ ಯಾರು ಬೇಕಾದರೂ ಫೋನಿನಲ್ಲೇ ನೋಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಆರ್‌ಟಿಓ ವ್ಯವಸ್ಥೆಗೆ ಇದೊಂದು ಬಂದರೆ ಎಷ್ಟು ಜನ ಉಳಿದುಕೊಳ್ಳುತ್ತಾರೋ. ಈ ಕಾರಿನ ದಾಖಲೆಯಲ್ಲಿ ಮೂರು ವರ್ಷದ ಹಿಂದೆ ಒಂದು ಎಚ್ಚರಿಕೆ ಇತ್ತು. ಹಿಂದಿನ ಆಕ್ಸಲ್ ಬೇರಿಂಗಿನಲ್ಲಿ ಸ್ವಲ್ಪ ಸಡಿಲ. ಕೇಳಿದೆವು. ಮಾರುವವರು "ಅದು ಆಗಲೇ ಮಾಡಿಸಿದ್ದೇನೆ" ಅಂದರು. ಬಿಲ್ ಕೇಳಿದರೆ "ಎಲ್ಲೋ ಇರಬೇಕು" ಅಂದರು. ನಗುಮುಖದ ಮನುಷ್ಯ, ಚಹಾ ಬೇರೆ ಕೊಟ್ಟಿದ್ದರು.

ದಾಖಲೆ ಇಲ್ಲದ ಮಾತು ನಂಬಬಾರದು ಎಂದು ಕಾಲೇಜಿನಲ್ಲಿ ಮೂರು ವರ್ಷ ಕಲಿತ ಇಬ್ಬರು ಪತ್ರಕರ್ತರು ಅಲ್ಲೇ ದುಡ್ಡು ಕಳಿಸಿದೆವು. ರಸೀದಿಯ ಮೇಲೆ ತಾರೀಕು 15 ಅಕ್ಟೋಬರ್ 2022. ದೀಪಾವಳಿಗೆ ಒಂಬತ್ತು ದಿನ ಬಾಕಿ.

ಅಮ್ಮನಿಗೆ "ವೀಸಾ ಖರ್ಚು ಬಂತು ಅಮ್ಮ, ಮುಂದಿನ ವರ್ಷ" ಅಂದೆವು. ಅವರು "ಆಯ್ತಪ್ಪ, ಅದಕ್ಕೇನಂತೆ" ಅಂದರು.

ಕಾರು ಓಡಿಸುವ ಸುಖದ ಬಗ್ಗೆಯೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ಪವರ್ ಸ್ಟೀರಿಂಗ್ ಇಲ್ಲ. ನಿಂತಾಗ ತಿರುಗಿಸಲು ಒರಳಿನ ಗುಂಡು ತಿರುಗಿಸಿದಷ್ಟು ಭಾರ. ಹೊರಟ ಮೇಲೆ ಮಾತ್ರ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ಬಂದು ಹೇಳಿ ಹೋಗುತ್ತದೆ. ಒಳಗೆ ಕೆಂಪು ಕಾರ್ಪೆಟ್, ಸುತ್ತ ದೊಡ್ಡ ಗಾಜು, ತೆಳ್ಳನೆಯ ಕಂಬ, ಜಗಲಿಯ ಮೇಲೆ ಕೂತ ಹಾಗೆ ಎಲ್ಲ ಕಾಣುತ್ತದೆ. ಗಂಟೆಗೆ ನಲವತ್ತು ಮೈಲಿಯಲ್ಲೇ ಎಪ್ಪತ್ತರ ಖುಷಿ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಬಂದು "ನಮ್ಮಪ್ಪನ ಹತ್ತಿರ ಇತ್ತು" ಅಂತ ಮಾತು ತೆಗೆಯದೆ ಇರುವುದಿಲ್ಲ. ಎರಡು ವರ್ಷದಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರಲಿಲ್ಲ. ಈ ಕಾರು ಬಂದ ವಾರದಲ್ಲೇ ಅವರು ತಮ್ಮ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಬಂದರು.

ಖರ್ಚೂ ಕೇಳಿ. ಇಲ್ಲಿ 2001ಕ್ಕೆ ಮುಂಚಿನ ಕಾರುಗಳ ತೆರಿಗೆ ಎಂಜಿನ್ ಗಾತ್ರದ ಮೇಲೆ. 1549 ಸಿಸಿ ದಾಟಿದರೆ ಹೆಚ್ಚಿನ ದರ. ನಮ್ಮದು 1580. ಮೂವತ್ತೊಂದು ಸಿಸಿಗಾಗಿ ದೊಡ್ಡ ಕಾರಿನ ತೆರಿಗೆ ಕಟ್ಟುತ್ತೇವೆ. ನಲವತ್ತು ವರ್ಷ ತುಂಬಿದ ಕಾರಿಗೆ ತೆರಿಗೆ ಇಲ್ಲ, ನಮ್ಮದಕ್ಕೆ ಅದು 2029ರಲ್ಲಿ. ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಹತ್ತರಷ್ಟು ಎಥೆನಾಲ್. ಹಳೇ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ, ಹಾಗಾಗಿ ದುಬಾರಿ ಪೆಟ್ರೋಲೇ ಹಾಕಬೇಕು. ನಮ್ಮೂರಲ್ಲಿ ಇ20 ಬಂದ ಮೇಲೆ ಹಳೇ ಬೈಕಿನವರು ಆಡುವ ಚಿಂತೆಯೇ ಇಲ್ಲೂ. ಬಿಡಿಭಾಗ ಸಿಗುತ್ತವೆ, ಫ್ರಾನ್ಸಿನಲ್ಲಿ ಕೆಲವನ್ನು ಹೊಸದಾಗಿ ಮಾಡಿಸುತ್ತಲೂ ಇದ್ದಾರೆ. ಬೆಲೆ ಮಾತ್ರ ಕೇಳಬೇಡಿ.

ಫೆಬ್ರವರಿಯಲ್ಲಿ ಒಂದು ದಿನ ಮಳೆ. ವೃತ್ತದಲ್ಲಿ ತಿರುಗುವಾಗ ಮುಂದೊಂದು ಸೈಕಲ್ ಕಂಡು ಆಕ್ಸಿಲೇಟರಿನಿಂದ ಕಾಲು ಪಕ್ಕನೆ ತೆಗೆದೆವು. ಕಾರಿನ ಹಿಂಭಾಗ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಬಂತು. ಅರ್ಧ ಸುತ್ತು ತಿರುಗಿ, ಬಂದ ದಾರಿಗೆ ಮುಖ ಮಾಡಿ ನಿಂತೆವು. ಯಾರಿಗೂ ಏನೂ ಆಗಲಿಲ್ಲ. 205 ಜಿಟಿಐಗೆ ಈ ಸ್ವಭಾವ ಇದೆ ಎಂದು ಓದಿದ್ದೆವು. ತಿರುವಿನ ನಡುವೆ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಂದು, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಓದುವುದು ಬೇರೆ, ಕೂತು ನೋಡುವುದು ಬೇರೆ. ಮನೆಗೆ ಬಂದು ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ.

2023ರ ಮೇ ತಿಂಗಳಲ್ಲಿ ಅಪ್ಪಯ್ಯ ಬಂದರು. ಆರು ವಾರಕ್ಕೆ. ಮಳೆಗಾಲ ಜೋರಾಗುವ ಮುಂಚೆ ತೋಟಕ್ಕೆ ಕೊಳೆ ಔಷಧಿ ಹೊಡೆಸಲು ವಾಪಸ್ ಹೋಗಬೇಕು ಎಂಬ ಷರತ್ತಿನ ಮೇಲೆ. ಕೊಟ್ಟಿಗೆಯಲ್ಲಿ ಎರಡು ದನ ಇದ್ದದ್ದರಿಂದ ಅಮ್ಮ ಬರಲಿಲ್ಲ.

ಮನೆ ಮುಂದೆ ಕಾರು ನೋಡಿದವರೇ ನಿಂತುಬಿಟ್ಟರು. ಚೀಲ ಕೆಳಗಿಟ್ಟರು. ಮುಂದಿನ ಸಿಂಹದ ಮೇಲೆ ಕೈಯಾಡಿಸಿ "ಪಿಜಾಟು" ಅಂದರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂದೆ ಹತ್ತು ಹೆಜ್ಜೆ ದೂರ ಹೋಗಿ, ಕುಕ್ಕರಗಾಲಲ್ಲಿ ಕೂತು ನೋಡಿದರು.

"ಯಾರು ನೋಡಿ ತಗೊಂಡ್ರಿ ಇದನ್ನ?"

"ನಾವೇ ಅಪ್ಪಯ್ಯ. ಯಾಕೆ?"

"ಎಂಥದು ಮಾರಾಯ, ಹಿಂದಿನ ಚಕ್ರ ನೋಡು. ಮೇಲ್ಗಡೆ ಒಳಗೆ ವಾಲಿದೆ. ಭಾರ ಹೊತ್ತ ಎತ್ತು ಕಾಲು ಅಗಲ ಮಾಡ್ಕೊಂಡು ನಿಂತ ಹಾಗೆ."

ಏಳು ತಿಂಗಳು ದಿನಾ ನೋಡಿದ ಕಾರು. ಹೇಳಿದ ಮೇಲೆ ಮಾತ್ರ ಕಂಡಿತು.

ಈ ಕಾರಿನ ಹಿಂದೆ ಅಡ್ಡಕ್ಕೆ ಒಂದು ಕೊಳವೆ ಇರುತ್ತದೆ. ಅದರ ಎರಡು ತುದಿಗೆ ಎರಡು ತೋಳು, ತೋಳಿನ ತುದಿಗೆ ಚಕ್ರ. ಚಕ್ರ ಮೇಲೆ ಕೆಳಗೆ ಆಡುವಾಗ ತೋಳು ಆ ಕೊಳವೆಯಲ್ಲಿ ಸೂಜಿಯಂಥ ಸಣ್ಣ ಸಣ್ಣ ಉರುಳೆಗಳ ಬೇರಿಂಗಿನ ಮೇಲೆ ತಿರುಗುತ್ತದೆ. ವರ್ಷಗಟ್ಟಲೆ ಆದ ಮೇಲೆ ಸೀಲು ಒಣಗಿ ಒಳಗೆ ನೀರು ಹೋಗುತ್ತದೆ, ಗ್ರೀಸು ಕೊಚ್ಚಿಹೋಗುತ್ತದೆ, ಉರುಳೆಗಳು ಪುಡಿಯಾಗುತ್ತವೆ. ಆಮೇಲೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ, ಚಕ್ರ ವಾಲುತ್ತದೆ. ಮೂವತ್ತೈದು ವರ್ಷ ಮಳೆಯಲ್ಲಿ ಓಡಿದ ಕಬ್ಬಿಣಕ್ಕೆ ಬೈದು ಫಲವಿಲ್ಲ. ಗೊತ್ತಿದ್ದೂ ಮುಚ್ಚಿಟ್ಟ ಮನುಷ್ಯನದು ಬೇರೆ ಲೆಕ್ಕ.

"ಅವತ್ತು ಬಾಲ ಬೀಸಿದ್ದಕ್ಕೆ ಇದೂ ಸೇರಿರಬಹುದು" ಅಂದರು ಅಪ್ಪಯ್ಯ, ವೃತ್ತದ ಕಥೆ ಕೇಳಿ. ಆಮೇಲೆ ತಮ್ಮ ಘಾಟಿ ಪಾಠ ಹೇಳಿಕೊಟ್ಟರು. ವೇಗ ಇಳಿಸುವುದು, ಗೇರ್ ಇಳಿಸುವುದು ಎಲ್ಲ ತಿರುವಿಗೆ ಮುಂಚೆ. ತಿರುವಿನ ಒಳಗೆ ಕಾಲು ಹಗುರವಾಗಿ ಒಂದೇ ಸಮ ಇರಬೇಕು. ಹೆದರಿ ತೆಗೆಯಬಾರದು. ಈ ಕಾರಿನ ಬಗ್ಗೆ ಇಂಗ್ಲಿಷಿನಲ್ಲಿ ಓದಿದ್ದೂ ಅದನ್ನೇ.

ಗ್ಯಾರೇಜಿನವರು 780 ಪೌಂಡ್ ಅಂದರು. ಆಕ್ಸಲ್ ಪೂರ್ತಿ ಕಳಚಿ, ಸರಿಮಾಡಿದ ಇನ್ನೊಂದನ್ನು ಕೂರಿಸುವ ಕೆಲಸ.

"ದುಬಾರಿ ಆಯ್ತು. ಹಳೇ ಬಿಲ್ಲೆಲ್ಲ ಇದ್ದರೆ ಕೊಡಿ, ಯಾವುದು ಯಾವಾಗ ಹಾಕಿದ್ದು ನೋಡ್ತೇನೆ" ಅಂದರು ಅಪ್ಪಯ್ಯ. ಕಾರಿನ ಫೈಲ್ ತಂದುಕೊಟ್ಟು ನಾವು ಅಡುಗೆಮನೆಗೆ ಹೋದೆವು. ಅಪ್ಪಯ್ಯನಿಗೆ ಇಂಗ್ಲಿಷ್ ಬಾರದು. ಅಂಕಿ, ತಾರೀಕು ಚೆನ್ನಾಗಿ ಬರುತ್ತದೆ.

ಹೊರಗೆ ಬಂದಾಗ ಫೈಲಿನ ಮೇಲಿನ ಹಾಳೆ ಅವರ ತೊಡೆಯ ಮೇಲಿತ್ತು. ನಮ್ಮದೇ ರಸೀದಿ.

"ಐದು ಸಾವಿರದ ಇನ್ನೂರು. ಅಂದ್ರೆ ಐದು ಲಕ್ಷ."

ನಾವು ಸುಮ್ಮನಿದ್ದೆವು.

"ದೀಪಾವಳಿಗೆ ಬಿಡಿಸ್ತೀವಿ ಅಂದದ್ದು ಇದೇ ವರ್ಷ ಅಲ್ವಾ?"

"ಹೌದು ಮಾವಯ್ಯ" ಅಂದದ್ದು ಸೊಸೆ. ಮಗನ ಬಾಯಿಂದ ಅದೂ ಬರಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆವು. ಬೈದಿದ್ದರೆ ಸುಲಭವಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬೇರೆಯೇ ಮಾತು ತೆಗೆದರು.

"ಗೌಡ್ರು ಆ ಪಿಜಾಟನ್ನ ಗುಜರಿಗೆ ಹಾಕುವ ಮುಂಚೆ ನನ್ನ ಕೇಳಿದ್ರು. ಹನ್ನೆರಡು ಸಾವಿರ ಕೊಡು, ನೀನೇ ಇಟ್ಕೋ ಅಂತ. ಅಡಿಕೆ ಮಾರಿದ ದುಡ್ಡು ಕೈಯಲ್ಲೇ ಇತ್ತು. ನಿಮ್ಮಮ್ಮನಿಗೆ ಹೇಳ್ದೆ. ತಗೊಳ್ಳಿ, ನಿಮಗೆ ಆಸೆ ಇದೆಯಲ್ಲ ಅಂದ್ಲು. ಎರಡು ದಿನ ಕೂತು ಇಬ್ರೂ ಲೆಕ್ಕ ಹಾಕಿದ್ವಿ. ಬೇಡ ಅಂತಾಯ್ತು."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ನೀವು ತಗೊಂಡದ್ದು ತಪ್ಪು ಅಂತ ನಾನು ಹೇಳೋದಿಲ್ಲ. ದುಡಿದದ್ದು ನೀವು. ಆದ್ರೆ ಅವಳನ್ನ ಒಂದು ಮಾತು ಕೇಳಬಹುದಿತ್ತು. ಕೇಳಿದ್ರೆ ಹೂಂ ಅಂತಿದ್ಲು."

ಆ ಹನ್ನೆರಡು ಸಾವಿರ ಆ ವರ್ಷ ಎಲ್ಲಿಗೆ ಹೋಯಿತು ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಆ ವರ್ಷ ಮನೆಯಲ್ಲಿ ಹಾಸ್ಟೆಲ್ಲಿಗೆ ಸೇರಿದ ಹುಡುಗ ಒಬ್ಬನೇ ಇದ್ದ.

ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಊರಲ್ಲಿ ಆಗ ರಾತ್ರಿ ಹತ್ತೂವರೆ. ವೀಸಾ ಖರ್ಚು ಅಂದದ್ದು ಸುಳ್ಳು, ಕಾರು ತಗೊಂಡೆವು ಎಂದು ಇಬ್ಬರೂ ಸೇರಿ ಹೇಳಿದೆವು. ಅಮ್ಮ ಕೊರಳಿನ ಕರಿಮಣಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ನೆಟ್‌ವರ್ಕ್ ಹೋಯಿತೇನೋ ಅನ್ನಿಸಿತು.

"ಎಷ್ಟು ಜನ ಕೂರಬಹುದು ಅದರಲ್ಲಿ?" ಎಂದರು.

"ಐದು ಅಮ್ಮ. ಹಿಂದೆ ಸ್ವಲ್ಪ ಇಕ್ಕಟ್ಟು."

"ಆಗ್ಲಿ. ಇನ್ನು ಸುಳ್ಳು ಹೇಳಬೇಡಿ" ಎಂದು ಫೋನ್ ಇಟ್ಟರು. ಆ ವಾರ ಪೂರ್ತಿ ಅವರು ಅಪ್ಪಯ್ಯನ ಹತ್ತಿರ ಮಾತ್ರ ಮಾತಾಡಿದರು.

ಮಾರಿಬಿಡೋಣ ಎಂದು ಮೊದಲು ಅಂದುಕೊಂಡೆವು. ಅಪ್ಪಯ್ಯನೇ ಬೇಡವೆಂದರು. "ಈಗ ಮಾರಿದ್ರೆ ಈ ಚಕ್ರ ಇಟ್ಕೊಂಡು ಯಾರಿಗೆ ಕೊಡ್ತೀರಿ? ಇನ್ನೊಬ್ಬ ಹೋಗಿ ಗುದ್ದಿಕೊಳ್ಳಲಿಕ್ಕಾ?" ಹಾಗಾಗಿ ಮೊದಲು ಆಕ್ಸಲ್ ಮಾಡಿಸಿದೆವು. ಜೊತೆಗೆ ಒಂದು ನಿಯಮ ಹಾಕಿಕೊಂಡೆವು. ಕಾರಿಗೆ ಒಂದು ಪೌಂಡ್ ಖರ್ಚಾದರೆ ಎರಡು ಪೌಂಡ್ ಊರಿಗೆ ಹೋಗಬೇಕು. ಗೋಡೆಯ ಮೇಲೆ ಹಾಳೆ ಅಂಟಿಸಿ ಎರಡು ಸಾಲು ಗೀರಿದೆವು, 'ಕಾರು', 'ಸರ' ಅಂತ. ಭಾನುವಾರದ ಸುತ್ತಾಟ ಕಡಿಮೆಯಾಯಿತು. ಪಾಳಿ ಹೆಚ್ಚಾಯಿತು.

ಅಪ್ಪಯ್ಯನಿಗೆ ಒಮ್ಮೆ ಓಡಿಸಲು ಕೊಡಬೇಕು ಎಂದು ಬಹಳ ಆಸೆ ಇತ್ತು. ಅವರ ವಯಸ್ಸಿಗೆ ವಿಮೆಯವರು ಒಪ್ಪಲಿಲ್ಲ. ಆಕ್ಸಲ್ ಕೂರಿಸಿ ತಂದ ದಿನ ಅವರನ್ನು ರೈಟನ್ನಿಗೆ ಕರೆದುಕೊಂಡು ಹೋದೆವು. ಲಾರಿಗಳು, ಬೇಲಿ, ಉದ್ದಕ್ಕೆ ಗೋದಾಮಿನ ತಗಡು. "ಇಲ್ಲೇ ಮಾಡ್ತಿದ್ದದ್ದಾ? ಏನೂ ಉಳಿಸಿಲ್ವಲ್ಲ" ಅಂದರು. ರಸ್ತೆ ಬದಿಯಲ್ಲಿ ಎಂಜಿನ್ ಆರಿಸಿ ನಿಲ್ಲಿಸಿದಾಗ ಡ್ರೈವರ್ ಸೀಟಿನಲ್ಲಿ ಅವರನ್ನು ಕೂರಿಸಿದೆವು. ಕ್ಲಚ್ ತುಳಿದು ಒಂದು, ಎರಡು, ಮೂರು, ನಾಲ್ಕು, ಐದು ಅಂತ ಗೇರ್ ಹಾಕಿ ನೋಡಿದರು. ಮತ್ತೆ ಐದರಿಂದ ಒಂದಕ್ಕೆ ಬಂದರು. ಕನ್ನಡಿ ಸರಿಮಾಡಿಕೊಂಡರು. ಹತ್ತು ನಿಮಿಷ ಹಾಗೇ ಕೂತಿದ್ದು "ಸಾಕು, ಹೋಗೋಣ" ಅಂದರು.

2024ರ ದೀಪಾವಳಿಗೆ ಸರ, ಬಳೆ ಮನೆಗೆ ಬಂದವು. ಎರಡು ದೀಪಾವಳಿ ತಡವಾಗಿ. ಅಮ್ಮ ಗೋಪೂಜೆಯ ದಿನ ಹಾಕಿಕೊಂಡ ಫೋಟೋ ಕಳಿಸಿದರು. ಅದರಲ್ಲಿ ದನವೇ ದೊಡ್ಡದಾಗಿ ಕಾಣುತ್ತಿತ್ತು, ಸರ ಕಾಣಲು ಫೋಟೋ ಹಿಗ್ಗಿಸಬೇಕಾಯಿತು.

ಮೊನ್ನೆ ಒಬ್ಬರು ಕಾರು ನೋಡಿ 9,000 ಪೌಂಡ್ ಕೊಡುತ್ತೇನೆ ಅಂದಿದ್ದಾರೆ. ಹಾಕಿದ್ದೆಲ್ಲ ಕೂಡಿಸಿದರೆ ಲಾಭವೇನೂ ಇಲ್ಲ, ನಷ್ಟವೂ ಇಲ್ಲ. ನಮ್ಮ ಮನೆಗೆ ಮುಂದಿನ ವರ್ಷ ಮಗು ಬರುವುದಿದೆ. ಏರ್‌ಬ್ಯಾಗಿಲ್ಲದ, ಎಬಿಎಸ್ ಇಲ್ಲದ ಕಾರಿನಲ್ಲಿ ಮಗುವನ್ನು ಕೂರಿಸುವುದು ನಮಗೆ ಬೇಡ. ಎರಡು ಕಾರು ಇಡಲು ಶಕ್ತಿಯಿಲ್ಲ. ಮಾರುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಈ ಸಲ ಮಾತ್ರ ಮೊದಲು ಊರಿಗೆ ಫೋನ್ ಮಾಡಿದೆವು.

ಅಮ್ಮ "ನಿಮಗೆ ಹೇಗೆ ಕಾಣ್ತದೋ ಹಾಗೆ ಮಾಡಿ, ಕೇಳಿದ್ರಲ್ಲ ಅಷ್ಟೇ ಸಾಕು" ಅಂದರು. ಆಮೇಲೆ ಅಪ್ಪಯ್ಯ ಫೋನ್ ತೆಗೆದುಕೊಂಡರು.

"ಕೊಡುವುದಾದ್ರೆ ಆಕ್ಸಲ್ ಮಾಡಿಸಿದ ಬಿಲ್ ಫೈಲಲ್ಲಿ ಇಟ್ಟು ಕೊಡಿ. ಬೆಳಿಗ್ಗೆ ಹೊತ್ತು ಸ್ವಲ್ಪ ನೀಲಿ ಹೊಗೆ ಬರ್ತದಲ್ಲ, ಅದನ್ನೂ ಹೇಳಿ. ಅವರು ಕೇಳದಿದ್ರೂ ನೀವೇ ಹೇಳಿ."